ಕೂಕಟ್‌ಪಲ್ಲಿಯ ಫರ್ಶಿ ಅಮ್ಮ

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಹೌಸಿಂಗ್ ಬೋರ್ಡಿನ ಮನೆಗಳು ಏಳುತ್ತಿದ್ದ ವರ್ಷಗಳಲ್ಲಿ ಬೊಂಬಾಯಿ ರಸ್ತೆಯ ಬದಿಗೆ ನೆಲಹಾಸಿನ ಕಲ್ಲು ಮಾರುವ ಅಂಗಡಿಗಳು ಸಾಲಾಗಿದ್ದವು. ಅಂಗಡಿ ಎಂದರೆ ಗೋಡೆ, ಮಾಡು ಏನಿಲ್ಲ. ಬಯಲು ಜಾಗದಲ್ಲಿ ಒರಗಿಸಿ ನಿಲ್ಲಿಸಿದ ಫರ್ಶಿ ಚಪ್ಪಡಿಗಳು, ಮೂಲೆಗೊಂದು ತಗಡಿನ ಶೆಡ್ಡು, ಅಷ್ಟೆ. ಅವುಗಳಲ್ಲಿ ಒಂದನ್ನು ಮಾತ್ರ ಹೆಂಗಸೊಬ್ಬಳು ನಡೆಸುತ್ತಿದ್ದಳು. ಹೆಸರು ಶಿವದೇವಿ. ತೆಲುಗಿನವರೂ ಉರ್ದು ಮಾತಾಡುವ ಮೇಸ್ತ್ರಿಗಳೂ ಅವಳನ್ನು ಫರ್ಶಿ ಅಮ್ಮ ಎಂದೇ ಕರೆಯುತ್ತಿದ್ದರು.

ಅಂಗಡಿ ಹಾಕಿದವನು ಅವಳ ಗಂಡ ಸಿದ್ದರಾಮಪ್ಪ. ಶಿವದೇವಿಯ ತವರು ಗಡಿಯಾಚೆ, ಕರ್ನಾಟಕದ ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಅವಳ ಅಪ್ಪನಿಗೆ ಕಲ್ಲಿನ ಖಣಿ ಇತ್ತು. ಅಲ್ಲಿಂದ ಲಾರಿಯಲ್ಲಿ ಶಹಾಬಾದ ಕಲ್ಲು ಬರುತ್ತಿತ್ತು, ಇಲ್ಲಿ ಸಿದ್ದರಾಮಪ್ಪ ಮಾರುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಖಣಿಯನ್ನು ಅವಳ ತಮ್ಮ ಗುರುಸಿದ್ದಪ್ಪ ನೋಡಿಕೊಳ್ಳತೊಡಗಿದ. ಒಂದು ಬೇಸಿಗೆಯಲ್ಲಿ ಲಾರಿ ಇಳಿಸುವಾಗ ಫರ್ಶಿಗಳ ಸಾಲು ಜಾರಿ ಸಿದ್ದರಾಮಪ್ಪನ ಮೊಣಕಾಲ ಮೇಲೆ ಬಿತ್ತು. ಕಾಲು ಉಳಿಯಿತು, ಬಲ ಉಳಿಯಲಿಲ್ಲ.

"ಅಂಗಡಿ ಮಾರಿಬಿಡೋಣ ಶಿವೀ. ಊರಿಗಿ ಹೋಗೋಣ," ಎಂದ ಅವನು, ಆಸ್ಪತ್ರೆಯಿಂದ ಬಂದ ವಾರ.

"ಊರಿಗಿ ಹೋಗಿ ಏನು ಮಾಡೂದ್ರಿ? ನೀವು ಶೆಡ್ಡಿನಾಗ ಕುಂತು ಮಾತಾಡ್ರಿ, ಓಡಾಡೂದು ನಾ ಓಡಾಡ್ತೀನಿ."

ಹಾಗೆ ಶುರುವಾಯಿತು. ಮೊದಮೊದಲು ಮೇಸ್ತ್ರಿಗಳು ಅವಳನ್ನು ದಾಟಿಕೊಂಡು ನೇರ ಶೆಡ್ಡಿಗೆ ಹೋಗುತ್ತಿದ್ದರು. ಸಿದ್ದರಾಮಪ್ಪ ಅವರಿಗೆ ಚಹಾ ಕೊಡಿಸಿ, "ಅಮ್ಮನ್ನ ಕೇಳ್ರಿ," ಎಂದು ಮತ್ತೆ ಬಯಲಿಗೆ ಕಳಿಸುತ್ತಿದ್ದ. ಬರಬರುತ್ತ ಅವರಿಗೆ ರೂಢಿಯಾಯಿತು. ಹಮಾಲರ ಜೊತೆ ತೆಲುಗು, ಮೇಸ್ತ್ರಿಗಳ ಜೊತೆ ಹಿಂದಿ, ಗಂಡನ ಜೊತೆ ಕನ್ನಡ. ದಿನವಿಡೀ ಮೂರು ಭಾಷೆಯಲ್ಲಿ ಕೂಗಿ ಕೂಗಿ ಅವಳ ದನಿಯೇ ದಪ್ಪಗಾಯಿತು.

ವ್ಯಾಪಾರಕ್ಕೆ ತೊಡಕಾದದ್ದು ತಾಂಡೂರು ಕಲ್ಲು. ತಾಂಡೂರು ಆಂಧ್ರದ ಒಳಗೇ ಇತ್ತು. ಅಲ್ಲಿಯ ಕಲ್ಲಿಗೆ ಗಡಿಯ ತೆರಿಗೆ ಇಲ್ಲ, ತಪಾಸಣೆಯ ನಾಕಾದಲ್ಲಿ ಲಾರಿ ನಿಲ್ಲಿಸುವ ಕಾಟ ಇಲ್ಲ. ಆದರೆ ನಿಜಾಮನ ಕಾಲದಿಂದ ಜನರ ಬಾಯಲ್ಲಿದ್ದ ಹೆಸರು ಶಹಾಬಾದ. ಮನೆ ಕಟ್ಟುವವರು ಅದನ್ನೇ ಕೇಳುತ್ತಿದ್ದರು. ಸುತ್ತಲಿನ ಅಂಗಡಿಯವರು ತಾಂಡೂರು ಕಲ್ಲು ತರಿಸಿ ಶಹಾಬಾದ ಎಂದು ಹೇಳಿ ಮಾರುತ್ತಿದ್ದರು. ಶಿವದೇವಿಗೆ ಅದು ಸೇರುತ್ತಿರಲಿಲ್ಲ. "ನಮ್ಮಲ್ಲಿ ಶಹಾಬಾದ ಅಂದ್ರ ಶಹಾಬಾದ," ಎಂದು ಎದೆ ತಟ್ಟಿ ಹೇಳುತ್ತಿದ್ದಳು. ಒಂದಿಷ್ಟು ತುಟ್ಟಿಯಾದರೂ ಆ ಮಾತು ನಂಬಿ ಬರುವವರಿದ್ದರು. ತವರಿನ ಕಲ್ಲನ್ನು ಬೆರಳು ಆಡಿಸಿಯೇ ಗುರುತು ಹಿಡಿಯುತ್ತೇನೆ ಎಂದೂ ಹೇಳಿಕೊಳ್ಳುತ್ತಿದ್ದಳು. ಅದು ಸುಳ್ಳೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಹಾಗೆ ನಂಬಿ ಬಂದವರಲ್ಲಿ ಪ್ರಹ್ಲಾದರಾಯರು ಒಬ್ಬರು. ಸೆಕ್ರೆಟೇರಿಯಟ್ಟಿನ ನೌಕರಿ, ರಾಯಚೂರು ಕಡೆಯ ಮನೆತನ, ಹೌಸಿಂಗ್ ಬೋರ್ಡ್ ಕಾಲೊನಿಯ ಹಿಂದೆ ಸ್ವಂತ ಮನೆ ಕಟ್ಟಿಸುತ್ತಿದ್ದರು. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು. ಅಷ್ಟರಲ್ಲಿ ತೆರಿಗೆಯ ಜಗಳದಿಂದ ಗಡಿಯಲ್ಲಿ ಲಾರಿಗಳ ಮುಷ್ಕರ ಶುರುವಾಯಿತು. ಗುರುಸಿದ್ದಪ್ಪನ ಕಲ್ಲು ಆ ಕಡೆಯೇ ನಿಂತಿತು.

"ಶಿವದೇವಮ್ಮಾ, ನೆಲಾನೇ ಇಲ್ಲದ ಮನಿಯೊಳಗ ಹೋಮ ಹ್ಯಾಂಗ ಮಾಡಿಸ್ಲಿ?" ಎಂದರು ರಾಯರು. ಸಿಟ್ಟಿರಲಿಲ್ಲ, ದಿಗಿಲು ಇತ್ತು.

ಆ ಸಂಜೆ ಗಂಡ ಹೇಳಿದ, "ತಾಂಡೂರಿಗಿ ಹೋಗಿ ಬಾ. ಕಲ್ಲು ಆರಿಸು. ತಾಂಡೂರಿಂದು ಅಂತ ಹೇಳಿಯೇ ಕೊಡು. ಅದರಾಗ ತಪ್ಪೇನೈತಿ?"

ಶಿವದೇವಿ ಲಿಂಗಂಪಲ್ಲಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿದಳು. ತವರಿಗೆ ಹೋಗುವಾಗೆಲ್ಲ ಅದೇ ಗಾಡಿ, ಅದೇ ಹಾದಿ. ತಾಂಡೂರು ಬಂದರೆ ಇನ್ನೇನು ಊರು ಬಂತು ಎಂದು ಗಂಟು ಎತ್ತಿಟ್ಟುಕೊಳ್ಳುತ್ತಿದ್ದಳೇ ಹೊರತು ಅಲ್ಲಿ ಎಂದೂ ಇಳಿದಿರಲಿಲ್ಲ. ಸ್ಟೇಷನ್ನಿನಿಂದ ಖಣಿಗೆ ಟ್ರ್ಯಾಕ್ಟರಿನಲ್ಲಿ ಹೋದಳು. ಬಿಸಿಲಿಗೆ ಬೆಳ್ಳಗೆ ಹೊಳೆಯುವ ಅದೇ ಕಲ್ಲಿನ ಪುಡಿ, ಪುಸ್ತಕದ ಹಾಳೆಗಳಂತೆ ಪದರುಪದರಾಗಿ ಕುಳಿತ ಅದೇ ಬಂಡೆ. ಕಣ್ಣು ಮುಚ್ಚಿ ತಂದು ಬಿಟ್ಟಿದ್ದರೆ ಅಪ್ಪನ ಖಣಿ ಎಂದೇ ಅನ್ನುತ್ತಿದ್ದಳು.

ಕೆಳಗೆ ಉಳಿ ಹಿಡಿದು ಪದರು ಬಿಡಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು ಸೆರಗಿನಿಂದ ಮುಖ ಒರೆಸಿಕೊಂಡು ತಲೆ ಎತ್ತಿದಳು. ತವರೂರಿನ ಅಂಬವ್ವ. ಶಿವದೇವಿ ಲಂಗ ಹಾಕಿಕೊಂಡು ಓಡಾಡುವ ಕಾಲದಿಂದ ಅಪ್ಪನ ಖಣಿಯಲ್ಲಿ ದುಡಿದವಳು.

"ಅಯ್ಯ, ಶಿವವ್ವ! ನೀ ಇಲ್ಲಿ ಎಲ್ಲಿಂದ ಬಂದಿ?"

"ನಾ ಕೇಳಬೇಕು ಅದನ್ನ. ನೀ ಯಾಕ ಇಲ್ಲಿ ಅಂಬವ್ವಾ? ನಮ್ಮ ಖಣಿ ಬಿಟ್ಟೇನು?"

"ಬಿಡೂದೇನವ್ವ, ಅದಽ ನಮ್ಮನ್ನ ಬಿಡ್ತು. ಎರಡು ಮಳಿಗಾಲದಿಂದ ನೀರು ತುಂಬೈತಿ. ನಮ್ಮೂರಾನ ಅರ್ಧ ಮಂದಿ ಇಲ್ಲೇ ಬರ್ತೀವಿ. ಹೊಲದಾಗ ಹಾದು, ಒಂದು ಹಳ್ಳ ದಾಟಿದ್ರ ಬಂತು. ಆ ಹಳ್ಳಾನ ಗಡಿ ಅಂತಾರ. ನಾವು ಅದರಾಗ ಕಾಲು ತೊಳಕೊಂಡು ಬರ್ತೀವಿ."

"ಮತ್ತ ಗುರು ನನಗ ಕಲ್ಲು ಕಳಸಾಕತ್ತಾನಲ್ಲ?"

ಅಂಬವ್ವ ಕಪಟವಿಲ್ಲದೆ ನಕ್ಕಳು. "ಇಲ್ಲಿಂದಾನ ಒಯ್ತಾನಲ್ಲವ್ವ. ಟ್ರ್ಯಾಕ್ಟರಿಗಿ ಹೇರಿ ನಮ್ಮೂರಿಗಿ, ಅಲ್ಲಿಂದ ಲಾರೀಗಿ. ನಿನಗ ಹೇಳಿಲ್ಲೇನು?"

ತಾಂಡೂರಿನ ಕಲ್ಲು ಹಳ್ಳ ದಾಟಿ ಕರ್ನಾಟಕಕ್ಕೆ ಹೋಗಿ, ಶಹಾಬಾದ ಎಂಬ ಹೆಸರು ಹೊತ್ತು, ನಾಕಾದಲ್ಲಿ ತೆರಿಗೆ ಕಟ್ಟಿ, ಜಹೀರಾಬಾದಿನ ಮೇಲೆ ಸುತ್ತು ಹಾಕಿ ಮತ್ತೆ ಆಂಧ್ರಕ್ಕೆ ಬಂದು ಕೂಕಟ್‌ಪಲ್ಲಿಯಲ್ಲಿ ಅವಳ ಅಂಗಡಿಗೆ ಇಳಿಯುತ್ತಿತ್ತು. ಅದರ ಮೇಲೆ ಬೆರಳು ಆಡಿಸಿ ಅವಳು ತವರಿನ ಗುರುತು ಹೇಳುತ್ತಿದ್ದಳು.

ಬಂದ ಕೆಲಸ ಬಿಡುವಂತಿರಲಿಲ್ಲ. ರಾಯರಿಗೆ ಬೇಕಾದ ಕಲ್ಲು ಆರಿಸಿ ಲಾರಿಗೆ ಹೇಳಿ, ಅಂಬವ್ವನ ಜೊತೆ ಅದೇ ಹೊಲದ ಹಾದಿ ಹಿಡಿದು ತವರಿಗೆ ನಡೆದಳು. ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ.

ಗುರುಸಿದ್ದಪ್ಪ ಮೊದಲು ಬೆಚ್ಚಿದ, ಆಮೇಲೆ ಗಟ್ಟಿಯಾದ.

"ಕಲ್ಲು ಒಂದಽ ಅಲ್ಲೇನಕ್ಕಾ? ನೆಲದ ಒಳಗ ಯಾರರ ಗೀಟು ಕೊರದಾರೇನು? ಮ್ಯಾಲೆ ನಕಾಶೆ ಬರದವರು ಬರಕೊಂಡ್ರು."

"ಒಂದಽ ಇದ್ರ ಹೇಳಬೇಕಿತ್ತಲ್ಲ."

"ಹೇಳಿದ್ರ ನೀ ನೇರ ತಾಂಡೂರಿಂದಾನ ತರಸ್ತಿದ್ದಿ. ನಾ ಏನು ಮಾಡ್ಲಿ? ಅಪ್ಪನ ಖಣಿ ಮುಚ್ಚಿ ಕುಂತಾನ ಅಂತ ಊರೆಲ್ಲ ಅನ್ನಬೇಕಿತ್ತೇನು?" ಎಂದ ಅವನು. "ನಿನಗ ಬೇಕಾಗಿದ್ದು ಹೆಸರು. ಹೆಸರು ಕಳಿಸೀನಿ."

ಆ ಮಾತು ಅವಳಿಗೆ ಚುಚ್ಚಿತು. ಸುಳ್ಳಾಗಿದ್ದರೆ ಚುಚ್ಚುತ್ತಿರಲಿಲ್ಲ. ಅವಳು ಮಾರುತ್ತಿದ್ದದ್ದು ಕಲ್ಲಿಗಿಂತ ಹೆಚ್ಚಾಗಿ ಹೆಸರನ್ನೇ, ಉಬ್ಬುತ್ತಿದ್ದದ್ದೂ ಅದರಿಂದಲೇ. ಆದರೂ, "ಗುರು, ಕಲ್ಲಿಗಿ ಗೊತ್ತಾಗೂದಿಲ್ಲ, ಖರೆ. ನನ್ನ ಮಾತು ನಂಬಿ ಹೆಚ್ಚು ಕೊಟ್ಟವರಿಗಿ ನಾ ಏನು ಹೇಳ್ಲಿ?" ಎಂದು ಕೇಳಿದಳು. ಅವನು ಎದ್ದು ಹೊರಗೆ ಹೋದ. ಊಟಕ್ಕೆ ಏಳು ಎಂದೂ ಅನ್ನಲಿಲ್ಲ.

ಕೂಕಟ್‌ಪಲ್ಲಿಗೆ ಮರಳಿದವಳೇ ಪ್ರಹ್ಲಾದರಾಯರ ಮನೆಗೆ ಹೋಗಿ ಈಗ ಬರುತ್ತಿರುವುದು ತಾಂಡೂರು ಕಲ್ಲು, ಎರಡು ವರ್ಷದಿಂದ ಶಹಾಬಾದ ಎಂದು ತಾನು ಮಾರಿದ್ದೂ ಅದೇ ಎಂದು ಹೇಳಿದಳು.

"ನಮ್ಮಪ್ಪನ ನೌಕರಿ ಇಲ್ಲಿ ಶುರುವಾದಾಗ ರಾಯಚೂರೂ ಹೈದರಾಬಾದ ರಾಜ್ಯನ ಆಗಿತ್ತು," ಎಂದರು ರಾಯರು. "ಆಮ್ಯಾಲೆ ಅಲ್ಲಿದ್ದವರು ಕರ್ನಾಟಕದವರಾದ್ರು, ಇಲ್ಲಿ ಉಳದವರು ನಾವು ಆಂಧ್ರದವರಾದ್ವಿ. ಯಾರೂ ಜಾಗ ಬಿಟ್ಟು ಅಲುಗಾಡಿದ್ದಿಲ್ಲ. ಹಾಕಿಸ್ರಿ ಶಿವದೇವಮ್ಮಾ. ಆದ್ರ ರೊಕ್ಕ ತಾಂಡೂರಿನ ಲೆಕ್ಕದಾಗ ಹಿಡೀರಿ." ಇಬ್ಬರೂ ನಕ್ಕರು.

ಎಲ್ಲರೂ ಹಾಗೆ ನಗಲಿಲ್ಲ. ಅವಳು ಅಂಗಡಿಯಲ್ಲಿ ತಾಂಡೂರು ಕಲ್ಲು ಎಂದು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದಾಗ ಪಕ್ಕದ ಅಂಗಡಿಯವರು ಹುಚ್ಚಿ ಎಂದರು. ಹಳೆಯ ಗಿರಾಕಿಯೊಬ್ಬ ಬೀದಿಯಲ್ಲಿ ನಿಂತು ಬೈದು ಹೋದ. ಕೆಲವು ತಿಂಗಳು ವ್ಯಾಪಾರ ಕುಸಿಯಿತು. ಮೆಲ್ಲಗೆ ಮೇಸ್ತ್ರಿಗಳು ಮರಳಿ ಬಂದರು. ಹೆಸರಿಗೆ ದುಡ್ಡು ಕೊಡುವ ಶಕ್ತಿ ಇಲ್ಲದ, ಸಣ್ಣ ಮನೆ ಕಟ್ಟಿಸುವ ಜನ ಅವರ ಹಿಂದೆ ಬಂದರು. ನಗರದ ಇನ್ನೊಂದು ತುದಿಯ ದಿಲ್‌ಸುಖ್‌ನಗರದ ಕಡೆಯಿಂದಲೂ ಕೇಳಿಕೊಂಡು ಬರತೊಡಗಿದರು. ತಮ್ಮ ಮಾತ್ರ ಬರಲಿಲ್ಲ. ಹಬ್ಬಕ್ಕೆ ಕರೆಯಲೂ ಇಲ್ಲ.

ಸಿದ್ದರಾಮಪ್ಪ ಒಂದು ದಿನ ಶೆಡ್ಡಿನಲ್ಲಿ ಕುಳಿತು ಹೇಳಿದ, "ಅಂವಾ ನಿನಗ ಮೋಸ ಮಾಡಿದ ಅಂತೀ. ಆದ್ರ ಆ ಎರಡು ವರ್ಷ ನಿನ್ನ ಅಂಗಡಿ ಖಾಲಿ ಬೀಳಲಿಲ್ಲ, ನೋಡು." ಮರುವಾರ ಶಿವದೇವಿ ಪ್ಯಾಸೆಂಜರ್ ಹತ್ತಿ ತವರಿಗೆ ಹೋದಳು. ಖಣಿಯ ದಂಡೆಯಲ್ಲಿ ತಮ್ಮನ ಪಕ್ಕ ಕುಳಿತಳು. ಕೆಳಗೆ ಹಸಿರು ನೀರು ತುಂಬಿ ನಿಂತಿತ್ತು.

"ಇಷ್ಟು ನೀರು ಹೊರಗ ಚೆಲ್ಲಿ ಕಲ್ಲು ತಗೀಬೇಕಂತಿಯೇನು? ಸುತ್ತ ನಮ್ಮಽ ಹೊಲ ಐತಲ್ಲ, ಅದಕ್ಕ ಬಿಡು," ಎಂದಳು.

ಗುರುಸಿದ್ದಪ್ಪ ನೀರನ್ನೇ ನೋಡುತ್ತ, "ಅಪ್ಪ ಇದನ್ನ ಬಾವಿ ಮಾಡಾಕ ತೋಡಿದ್ದಿಲ್ಲ," ಎಂದ. ಆಮೇಲೆ ಹೊಲದ ಕಡೆ ತಿರುಗಿ, "ಮೋಟಾರು ಕುಂದ್ರಸಬೇಕಾಗತೈತಿ," ಎಂದ.

ಮೋಟಾರು ಕುಳಿತಿತು. ನೀರು ಕಂಡ ಹೊಲದಲ್ಲಿ ತೊಗರಿ ಚೆನ್ನಾಗಿ ಬಂತು. ಮುಂದೆ ಹೊಳೆಯುವ ಟೈಲ್ಸ್ ಬಂದು ಫರ್ಶಿ ಅಂಗಡಿಗಳು ಒಂದೊಂದಾಗಿ ಮುಚ್ಚಿದಾಗ ಶಿವದೇವಿ ಅರ್ಧ ಜಾಗದಲ್ಲಿ ಅದೇ ತೊಗರಿಯ ಬೇಳೆ ಮಾರಲು ಕುಳಿತಳು. ಚೀಲದ ಮೇಲೆ ತಮ್ಮನ ಊರಿನ ಹೆಸರು ಬರೆಸಿದ್ದಳು. ಪ್ರತಿ ಸುಗ್ಗಿಗೊಮ್ಮೆ ಗುರುಸಿದ್ದಪ್ಪ ತಾನೇ ಚೀಲಗಳ ಜೊತೆ ಲಾರಿಯಲ್ಲಿ ಬರುತ್ತಿದ್ದ. ಮಾತು ಕಡಿಮೆ. ಭಾವನ ಪಕ್ಕ ಕುಳಿತು ಚಹಾ ಕುಡಿದು, ಅಕ್ಕ ಬಡಿಸಿದ್ದನ್ನು ಉಂಡು, ಸಂಜೆಯ ಗಾಡಿಗೆ ಹೊರಡುತ್ತಿದ್ದ.