ಮೂರನೆಯ ಚಪ್ಪಾಳೆ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಲಿಂಗಸುಗೂರಿನ ಶಾಲೆಯಲ್ಲಿ ವರ್ಷಗಟ್ಟಲೆ ಚಿತ್ರಕಲೆ ಕಲಿಸಿದವಳು ನಾನು. ಬೆಳಕು ಎಲ್ಲಿಂದ ಬೀಳುತ್ತದೆ, ನೆರಳು ಎತ್ತ ಹೋಗುತ್ತದೆ ಎಂದು ಮಕ್ಕಳಿಗೆ ತಿದ್ದಿ ತಿದ್ದಿ ಹೇಳಿದವಳಿಗೆ, ಕತ್ತಲಲ್ಲಿ ಏನೋ ಕಂಡಿತು ಎನ್ನುವ ಮಾತು ರುಚಿಸುವುದಾದರೂ ಹೇಗೆ? ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ ಹಾಜರಿ ಪುಸ್ತಕ ಹಿಡಿದು ಎದ್ದುಬಿಡುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಗುವವರು ನಗಬಹುದು, ನಾನೂ ನಕ್ಕವಳೇ. ಆದರೆ ನನಗಾದದ್ದು ರಾತ್ರಿಯಲ್ಲಿ ಅಲ್ಲ, ಮಟಮಟ ಮಧ್ಯಾಹ್ನ.

ನಿವೃತ್ತಿಯಾದ ಮೇಲೆ ನನಗೆ ಫೋಟೊ ತೆಗೆಯುವ ಹುಚ್ಚು ಹತ್ತಿತು. ಅದೂ ಹಕ್ಕಿ, ಹೂವುಗಳದ್ದಲ್ಲ, ಎತ್ತರದ ಗೋಡೆಗಳದ್ದು. ಮಸ್ಕಿಯ ಗುಡ್ಡದಲ್ಲಿ ಒಂದು ದೊಡ್ಡ ಬಂಡೆ ಮೇಲಿನಿಂದ ಬುಡದವರೆಗೆ ಸೀಳಿ ನಿಂತಿದೆ. ಆ ಸೀಳಿನೊಳಗೆ ಒಬ್ಬರು ಓರೆಯಾಗಿ ನಡೆಯಬಹುದು. ಒಳಗೆ ನಿಂತು ತಲೆ ಎತ್ತಿದರೆ ಆಕಾಶ ಲಂಗದ ಲಾಡಿಯಷ್ಟು ಅಗಲ ಕಾಣುತ್ತದೆ. ಸಿಂಧನೂರಿನಲ್ಲಿ ಎರಡು ಅಕ್ಕಿ ಗಿರಣಿಗಳ ನಡುವೆ ಒಂದು ಕುರುಡು ಓಣಿಯಿದೆ, ಅದೂ ಹಾಗೆಯೇ. ಎರಡೂ ಬದಿಗೆ ಕಿಟಕಿಯಿಲ್ಲದ ಗೋಡೆ, ಕೊನೆಗೊಂದು ಅಡ್ಡಗೋಡೆ. ಎರಡೂ ಕಡೆ ಬಿಸಿಲು ನೆಲ ಮುಟ್ಟುವುದು ನಡುಹಗಲಿನಲ್ಲಿ, ಒಂದು ರೊಟ್ಟಿ ತಿಂದು ಮುಗಿಸುವಷ್ಟು ಹೊತ್ತು ಮಾತ್ರ. ಆ ಬೆಳಕಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದೆ.

ನನ್ನೊಡನೆ ಕಾಯುತ್ತಿದ್ದವರು ನಮ್ಮ ಮನೆಯವರು. ಕ್ಯಾಮೆರಾದ ಸ್ಟ್ಯಾಂಡು, ಚಹಾದ ಫ್ಲಾಸ್ಕು ಎರಡೂ ಅವರ ಹೆಗಲಿಗೆ. ಎದುರು ಸಿಕ್ಕವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಮಂದಿ ಗ್ವಾಡಿಗೆ ಫೋಟೊ ಹಾಕ್ತಾರ, ನಮ್ಮಾಕಿ ಗ್ವಾಡೀದ ಫೋಟೊ ತಗೀತಾಳ."

ಅವರು ಹಟ್ಟಿಯ ಚಿನ್ನದ ಗಣಿಯಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿದ್ದವರು. ಕಾರ್ಮಿಕರನ್ನು ನೆಲದಡಿಗೆ ಇಳಿಸಿ ಮೇಲೆತ್ತುವ ಕೇಜು ನಡೆಯುವುದು ಗಂಟೆಯ ಸನ್ನೆಯ ಮೇಲೆ. ಮೂರು ಹೊಡೆದರೆ ಜನ ಹತ್ತಿದ್ದಾರೆ, ಹೊರಡಬೇಕು ಎಂದರ್ಥ. ಆ ಕಡೆಯವರು ಅಷ್ಟೇ ಗಂಟೆ ತಿರುಗಿ ಹೊಡೆಯಬೇಕು. ಆ ಜವಾಬು ಬರುವವರೆಗೆ ಕೇಜು ಒಂದು ಅಂಗುಲವೂ ಅಲುಗಬಾರದು. ಈ ನಿಯಮ ಅವರ ರಕ್ತಕ್ಕೇ ಇಳಿದಿತ್ತು. ಮನೆಯಲ್ಲಿ ಕೂಡ "ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ, ನಾನು ಒಳಗಿನಿಂದ "ಹ್ಞೂಂ" ಎನ್ನುವವರೆಗೆ ಹೊಸ್ತಿಲಲ್ಲಿಯೇ ನಿಂತಿರುತ್ತಿದ್ದರು.

ಎತ್ತರದ ಗೋಡೆಗಳ ನಡುವೆ ಕೂಗಿದರೆ ಮಾತು ಕಲಸಿಹೋಗುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಹಾಗಾಗಿ ಅವರು ನನಗೂ ಆ ಸನ್ನೆ ಕಲಿಸಿದ್ದರು, ಗಂಟೆಯ ಬದಲು ಚಪ್ಪಾಳೆ. ಒಂದು ಹೊಡೆದರೆ 'ಇಲ್ಲೇ ಇದ್ದೇನೆ', ಮೂರು ಹೊಡೆದರೆ 'ಹೊರಡೋಣ'. ಅವರ ಮೂರನೆಯ ಚಪ್ಪಾಳೆ ಯಾವಾಗಲೂ ಸ್ವಲ್ಪ ತಡವಾಗಿ ಬೀಳುತ್ತಿತ್ತು. ಎರಡಕ್ಕೆ ಬೇರೆ ಅರ್ಥವಿರುತ್ತದೆ, ಮೂರನೆಯದನ್ನು ಬಿಡಿಸಿ ಹೊಡೆದರೆ ಯಾರೂ ತಪ್ಪು ತಿಳಿಯುವುದಿಲ್ಲ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಮಸ್ಕಿಯ ಸೀಳಿನೊಳಗೆ ನಾನಿದ್ದೆ, ಅವರು ಹೊರಗೆ ಕಲ್ಲಿನ ಮೇಲೆ ಕೂತಿದ್ದರು. ಬಿಸಿಲು ಆಗಷ್ಟೇ ನೆಲ ಮುಟ್ಟಿತ್ತು. ಮೂರು ಚಪ್ಪಾಳೆ ಕೇಳಿಸಿತು. ಚಹಾ ಆರುತ್ತದೆ ಎಂದು ಹೀಗೆ ಅವಸರ ಮಾಡುವುದು ಅವರಿಗೆ ರೂಢಿ. 'ತಡೀರಿ' ಎಂದು ಮನಸ್ಸಿನಲ್ಲೇ ಅಂದುಕೊಂಡೆ. ತಿರುಗಿ ಹೊಡೆಯಲಿಲ್ಲ, ಕೈ ಕ್ಯಾಮೆರಾದ ಮೇಲಿತ್ತು. ಬೆಳಕು ಹೋದ ಮೇಲೆ ಹೊರಗೆ ಬಂದರೆ, ಎದೆ ಒತ್ತಿ ಹಿಡಿದು ಬಂಡೆಗೆ ಒರಗಿದ್ದ ಅವರ ಅಂಗಿ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ನಾಲ್ಕು ಹೆಜ್ಜೆ ಇಳಿದರೆ ರಸ್ತೆ. ಆಟೋಗಳು ಓಡಾಡುವುದು ಕೂತಲ್ಲಿಂದಲೇ ಕಾಣುತ್ತಿತ್ತು. ಕೆಳಗಿಳಿದು ಯಾರನ್ನಾದರೂ ಕರೆಯಬಾರದಿತ್ತೇ ಎಂದು ಸಿಟ್ಟು, ಅಳು ಎರಡೂ ಸೇರಿ ಕೇಳಿದೆ.

"ನಿನ್ನ ಜವಾಬು ಬರಲಿಲ್ಲಲ್ಲ," ಅಂದರು. "ಜವಾಬು ಬರಲಾರದ ಹೆಂಗ ಹೋಗ್ಲಿ?"

ಸಿಂಧನೂರಿನ ಆಸ್ಪತ್ರೆಯಲ್ಲಿ ಮೂರನೆಯ ದಿನ ಬೆಳಗ್ಗೆ ತೀರಿಕೊಂಡರು. ಆ ಹತ್ತು ನಿಮಿಷ ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಆ ದಿನ ತೆಗೆದ ಫೋಟೊಗಳು ನಾನು ತೆಗೆದವುಗಳಲ್ಲೆಲ್ಲ ಚೆನ್ನಾಗಿವೆ. ಯಾರಿಗೂ ತೋರಿಸಿಲ್ಲ.

ಮುಂದಿನ ಒಂದು ವರ್ಷ ಕ್ಯಾಮೆರಾ ಕಪಾಟಿನಲ್ಲಿಯೇ ಇತ್ತು. ಮನೆಯಲ್ಲಿ ಒಬ್ಬಳೇ ಇದ್ದು ಇದ್ದು, ಇಡೀ ದಿನ ಬಾಯಿಂದ ಒಂದು ಮಾತೂ ಹೊರಡದ ದಿನಗಳೂ ಇದ್ದವು. ಜವಳಗೇರಾದಲ್ಲಿರುವ ತಂಗಿಗೆ ಕಣ್ಣಿನ ಆಪರೇಷನ್ ಆಯಿತು. ನೋಡಲು ಹೊರಟಾಗ, ಯಾಕೋ ತಿಳಿಯದು, ಕ್ಯಾಮೆರಾವನ್ನೂ ಸ್ಟ್ಯಾಂಡನ್ನೂ ಚೀಲಕ್ಕೆ ಹಾಕಿಕೊಂಡೆ. ಎರಡು ದಿನವಿದ್ದು ವಾಪಸು ಹೊರಟಾಗ ತಂಗಿ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡೇ ಗದರಿದಳು: "ಅಮಾಸಿ ಐತಿ, ಒಬ್ಬಾಕೇ ಎಲ್ಲಿ ಹೊಂಟಿ? ನಾಳೆ ಹೋಗೀಯಂತ." ಅಮಾವಾಸ್ಯೆಗೆ ಬಸ್ಸುಗಳು ನಿಲ್ಲುತ್ತವೇನು ಎಂದು ನಕ್ಕು ಬಂದೆ.

ಸಿಂಧನೂರಿನಲ್ಲಿ ಲಿಂಗಸುಗೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಲುಗಳು ತಾವಾಗಿಯೇ ನನ್ನನ್ನು ಗಿರಣಿಗಳ ಓಣಿಗೆ ಕರೆದುಕೊಂಡು ಹೋದವು. ಅಮಾವಾಸ್ಯೆಗೆ ಹಮಾಲರು ಚೀಲ ಎತ್ತುವುದಿಲ್ಲ, ಗಿರಣಿ ಬಂದ್. ದಿನಾ ಗಡಗಡ ಎನ್ನುವ ಜಾಗ ಸದ್ದಿಲ್ಲದೆ ಬಿದ್ದಿತ್ತು. ಓಣಿಯ ಬಾಯಿಗೆ ಒಂದು ಕಲ್ಲಿನ ಮೆಟ್ಟಿಲಿದೆ, ಹಿಂದೆಲ್ಲ ಅವರು ಫ್ಲಾಸ್ಕು ಇಟ್ಟುಕೊಂಡು ಕೂರುತ್ತಿದ್ದ ಮೆಟ್ಟಿಲು. ಅದನ್ನು ದಾಟಿ ಅಡ್ಡಗೋಡೆಯ ತನಕ ಹೋಗಿ ಕ್ಯಾಮೆರಾ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಬಿಸಿಲು ಎಡಗೋಡೆಯ ಮೇಲಿನಿಂದ ಇಳಿಯತೊಡಗಿತು. ತೌಡಿನ ಧೂಳು ಹೊಳೆಯಿತು. ವರ್ಷದ ಮೇಲೆ ಮೊದಲ ಬಾರಿ ಮನಸ್ಸು ಹಗುರವಾದಂತೆನಿಸಿತು, ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಬಿಸಿಲು ನೆಲ ಮುಟ್ಟಿದಾಗ ಓಣಿಯ ಬಾಯಿಂದ ಚಪ್ಪಾಳೆ ಕೇಳಿಸಿತು. ಎರಡು ಒಟ್ಟೊಟ್ಟಿಗೆ. ಆಮೇಲೆ, ಸ್ವಲ್ಪ ಬಿಟ್ಟು, ಮೂರನೆಯದು.

ನಾನು ಯೋಚಿಸಲಿಲ್ಲ. ಕ್ಯಾಮೆರಾ, ಬೆಳಕು ಎಲ್ಲವನ್ನೂ ಅಲ್ಲೇ ಬಿಟ್ಟು ಓಡಿದೆ. ಮೊಣಕಾಲು ನೋವಿನವಳು ನಾನು, ಹೇಗೆ ಓಡಿದೆನೋ ದೇವರಿಗೇ ಗೊತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ರಸ್ತೆಯಾಚೆ ಬೇವಿನ ಮರದಡಿ ಗಿರಣಿಯ ಮುದುಕ ಕಾವಲುಗಾರ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಈಗ ಇಲ್ಲಿ ಚಪ್ಪಾಳೆ ಹೊಡೆದವರು ಯಾರು ಎಂದು ಕೇಳಿದೆ.

"ಯಾರೂ ಬಂದಿಲ್ರಿ ಅಮ್ಮಾರ. ಹಮಾಲರಿಗೆ ಇವತ್ತ ಸೂಟಿ," ಅಂದ. ತನಗೇನೂ ಕೇಳಿಸಲಿಲ್ಲ ಎಂದ. ನನ್ನ ಮುಖ ನೋಡಿ ಅವನಿಗೇ ಹೇಗೋ ಆಗಿ, ನೀರಿನ ತಂಬಿಗೆ ಮುಂದೆ ಮಾಡಿದ. "ಪಾರಿವಾಳ ಇರಬೇಕು ಬಿಡ್ರಿ."

ಇರಬಹುದು. ಪಾರಿವಾಳ ಏಳುವಾಗ ರೆಕ್ಕೆ ಬಡಿದರೆ ಚಪ್ಪಾಳೆಯಂತೆಯೇ ಸದ್ದಾಗುತ್ತದೆ. ಆಮೇಲೆ ಎರಡು ಸಲ ಬರಿಗೈಯಲ್ಲಿ ಅದೇ ಓಣಿಗೆ ಹೋಗಿ, ಬರೀ ಪಾರಿವಾಳಗಳ ಸದ್ದು ಕೇಳುತ್ತ ನಿಂತೆ. ಅವು ಒಂದೇ ಸಮ ಪಟಪಟ ಎಂದು ಹಾರಿಹೋಗುತ್ತವೆ. ಮೂರನೆಯದಕ್ಕೆ ತಡೆಯುವುದಿಲ್ಲ. ನನ್ನ ಕಿವಿಯೇ ಮೋಸ ಮಾಡಿತೆಂದರೂ ಸರಿ, ಒಪ್ಪಿಕೊಳ್ಳಲು ತಯಾರಿದ್ದೇನೆ. ಆದರೆ ಆ ಹೊತ್ತಿನಲ್ಲಿ ನಾನು ಅವರ ಯೋಚನೆಯಲ್ಲಿರಲಿಲ್ಲ, ಬೆಳಕಿನ ಯೋಚನೆಯಲ್ಲಿದ್ದೆ. ಇಷ್ಟನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ.

ಅವತ್ತು ನೀರು ಕುಡಿದು, ಕ್ಯಾಮೆರಾ ತರಲು ಓಣಿಯೊಳಗೆ ವಾಪಸು ಹೋದೆ. ನೆಲದ ಮೇಲೆ ನೆರಳು ಕೂತಾಗಿತ್ತು. ಆಗ ಹೊಳೆಯಿತು: ಓಡುವ ಭರದಲ್ಲಿ ಈ ಸಲವೂ ನಾನು ಜವಾಬು ಕೊಟ್ಟಿರಲಿಲ್ಲ. ಅಡ್ಡಗೋಡೆಗೆ ಬೆನ್ನು ಕೊಟ್ಟು ನಿಂತು, ಚಪ್ಪಾಳೆ ಹೊಡೆಯಲು ಎರಡೂ ಕೈ ಎತ್ತಿದೆ. ಆದರೆ ಅವನ್ನು ಕೂಡಿಸಲಾಗಲಿಲ್ಲ. ಮೂರು ಎಂದರೆ ಹೊರಡುವುದು. ಜವಾಬು ಸಿಕ್ಕ ಮೇಲೆ ಅವರು ಅಲ್ಲಿ ನಿಲ್ಲುವವರಲ್ಲ. ಆ ಇಕ್ಕಟ್ಟಾದ ಓಣಿಯಲ್ಲಿ ಒಬ್ಬಳೇ ಕೈ ಎತ್ತಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಆಮೇಲೆ ಸ್ಟ್ಯಾಂಡು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ.

ಒಂದು ಸಲ ಕಾಯಿಸಿ ಕಳೆದುಕೊಂಡವಳು, ಮತ್ತೆ ಕಾಯಿಸುವುದು ಸರಿಯಲ್ಲ ಎಂದು ನನಗೂ ಗೊತ್ತು. ಆದರೂ ಇವತ್ತಿನವರೆಗೆ ಆ ಮೂರು ಚಪ್ಪಾಳೆಗೆ ನಾನು ತಿರುಗಿ ಹೊಡೆದಿಲ್ಲ.