ಜರಾ ವಾರಿ ಅದ

ನಮ್ಮ ಅಕ್ಕನ್ನ ಕಡೀಗೊಮ್ಮೆ ಜೀವಂತ ನೋಡೋದು ನನಗ ಆಗಲಿಲ್ಲ. ದೇವರ ಚಿತ್ತ ಅಂತ ಪಾದ್ರಿ ಅಂದರು. ಗುಂಡಿಗಿ ಸೋತಿತ್ತು ಅಂತ ಡಾಕ್ಟರು ಅಂದರು. ಎರಡೂ ಅಲ್ಲ. ನಮ್ಮ ಮಂದಿಗೆ ನೆಟ್ಟಗ ಮಾತಾಡಲಿಕ್ಕೆ ಬರೋದಿಲ್ಲ, ಅಷ್ಟೇ.

ನಮ್ಮ ಕಡೆ ವಾರಿ ಅಂತ ಒಂದು ಮಾತದ. ಪುಸ್ತಕದಾಗ ಅದನ್ನ ಓರೆ ಅಂತ ಬರೀತಾರಂತ. ನಾನು ಸಾಲಿಗೆ ಹೋದದ್ದು ನಾಲ್ಕನೇ ತನಕ, ಆಮೇಲೆ ಓದಿದ್ದು ಬೈಬಲ್ ಒಂದೇ. ಅದಕ್ಕ ಪುಸ್ತಕದ ಮಾತು ಪುಸ್ತಕದವರಿಗೇ ಇರಲಿ. ಅನ್ನ ಬಸಿಯುವಾಗ ಗಡಗಿ ವಾರಿ ಮಾಡ್ತೇವಿ. ಕೇರೋ ಮೊರ ವಾರಿ ಹಿಡಿದು ಅಲುಗಿಸಿದರ ತೊಗರಿ ಉರುಳಿ ಕೆಳಗ ಬರ್ತದ, ಕಸ ಮ್ಯಾಲೆ ಉಳೀತದ. ಅದನ್ನ ನನಗ ನಮ್ಮ ತವರೂರು ಮೆಹಕರದ ಮನಿ ಅಂಗಳದಾಗ ಕಲಿಸಿದಾಕಿ ಅಕ್ಕ. ಕೈಮ್ಯಾಲೆ ಒಂದು ಪೆಟ್ಟು ಹಾಕಿಯೇ ಕಲಿಸಿದಳು. ಬೆಕ್ಕು ಒಳಗ ಬರಬೇಕಂದರ ಬಾಗಲಾ ವಾರಿ ಮಾಡಿ ಬಿಡ್ತೇವಿ. ತೆರೆದಂಗೂ ಇರೋದಿಲ್ಲ, ಮುಚ್ಚಿದಂಗೂ ಇರೋದಿಲ್ಲ. ಸೊಸಿಗೆ ಬೈಬೇಕಾದಾಗ ಮಗಳನ್ನ ಎದುರಿಗೆ ಕುಂಡ್ರಿಸಿಕೊಂಡು ಬೈದರ ಅದು ವಾರಿ ಮಾತು. ಅದನ್ನ ನಾನೂ ಆಡೇನಿ. ನನ್ನ ಸೊಸಿ ತಿಳಿಯದಂಗ ಇರ್ತಾಳ, ಆದರ ಮರುದಿನ ಪಲ್ಯಾಕ್ಕ ಉಪ್ಪು ಕಡಿಮಿ ಬೀಳ್ತದ.

ಸೊಟ್ಟ ಅನ್ನೋದು ಬ್ಯಾರೆ. ಸೊಟ್ಟ ಆದದ್ದು ಕೆಟ್ಟಂಗ. ವಾರಿ ಆದದ್ದನ್ನ ಕೈ ಹಚ್ಚಿ ನೆಟ್ಟಗ ಮಾಡಬಹುದು. ಮೈಗೆ ಸ್ವಲ್ಪ ಆರಾಮಿಲ್ಲಂದರೂ ತಬಿಯತ್ ಜರಾ ವಾರಿ ಅದ ಅಂತಿದ್ದರು. ಮೊದಲು ಅಷ್ಟೇ ಅರ್ಥ ಇತ್ತು.

ಆಮೇಲೆ ನಮ್ಮ ಮಂದಿ ಅದನ್ನ ಸಾವಿಗೆ ಹಚ್ಚಿದರು. ಪರ ಊರಾಗ ಇದ್ದವರಿಗೆ ಸತ್ತರು ಅಂತ ಹೇಳೋದಿಲ್ಲ. ತಬಿಯತ್ ಜರಾ ವಾರಿ ಅದ, ಬಂದು ಹೋಗ್ರಿ, ಅಂತಾರ. ಯಾಕಂದರ ಕೇಳಿದವರು ಬಸ್ಸಿನಾಗ ಎದಿ ಬಡಕೊಂಡು ಬರಬಾರದು, ದಾರ್ಯಾಗ ಏನಾರ ಆದೀತು. ಕೇಳಿದವರಿಗೂ ಗೊತ್ತಿರ್ತದ, ಹೇಳಿದವರಿಗೂ ಗೊತ್ತಿರ್ತದ. ನಮ್ಮ ಮಾವ ಹೋದಾಗ ನನಗ ಹಂಗೇ ಹೇಳಿದರು. ನಮ್ಮವ್ವ ಹೋದಾಗಲೂ ಹಂಗೇ ಹೇಳಿದರು. ನನ್ನ ಗಂಡ ಇದ್ದಾಗ ನಗತಿದ್ದ. ನಾ ಸತ್ತ ದಿನ ಸತ್ತ ಅಂತಲೇ ಹೇಳು, ಇಲ್ಲಂದರ ತಿಳಿಯದ ಮಂದಿ ಮೋಸಂಬಿ ತಗೊಂಡು ಬರ್ತಾರ, ಅಂತಿದ್ದ. ಅವ ಸತ್ತ ದಿನ ಸುದ್ದಿ ಹೇಳಿದವ ನನ್ನ ಮಗ. ಎಲ್ಲರಿಗೂ ವಾರಿ ಅಂತಲೇ ಹೇಳಿದ.

ಹೋದ ಚಳಿಗಾಲದಾಗ, ತೊಗರಿ ರಾಶಿ ಮುಗಿದ ಮ್ಯಾಲೆ, ಒಂದು ದಿನ ಮುಂಜಾನೆ ಭಾಲ್ಕಿಯಿಂದ ಅಕ್ಕನ ಮಗಳ ಫೋನ್ ಬಂತು. ಆಕಿ ಅಲ್ಲಿ ದವಾಖಾನಿಯಾಗ ನರ್ಸ್ ಆಗ್ಯಾಳ. ಅಕ್ಕ ಆಕಿ ಹತ್ತಿರಾನೇ ಇದ್ದಳು. ನಾನು ಔರಾದದಾಗ ಮಗನ ಮನಿಯಾಗ ರೊಟ್ಟಿ ಬಡೀಲಿಕ್ಕೆ ಕುಂತಿದ್ದೆ. ಹಿಟ್ಟಿನ ಕೈ, ಸೊಸಿ ಫೋನ್ ನನ್ನ ಕಿವಿಗೆ ಹಿಡಿದಳು.

"ಚಿಗವ್ವಾ, ಅವ್ವನ ತಬಿಯತ್ ಜರಾ ವಾರಿ ಅದರಿ. ಬಂದು ಹೋಗ್ರಿ."

ನಾನು ಆಯ್ತವ್ವಾ ಅಂದೆ. ಮತ್ತೇನೂ ಕೇಳಲಿಲ್ಲ. ಕೇಳೋದೇನಿತ್ತು? ಅಕ್ಕ ಹೋದಳು ಅಂತ ತಿಳಕೊಂಡೆ. ಹಂಚಿನ ಮ್ಯಾಲಿನ ರೊಟ್ಟಿ ತೆಗೆದು, ಒಲಿ ಆರಿಸಿ, ಗ್ವಾಡಿಗೆ ಬೆನ್ನು ಹಚ್ಚಿ ಕುಂತೆ. ಮಗ ಮಂದಿಗೆ ಫೋನ್ ಹಚ್ಚಲಿಕ್ಕೆ ಶುರು ಮಾಡಿದ.

ಸೊಸಿ ಒಬ್ಬಾಕಿ ಮಾತ್ರ ಅಂದಳು, ಒಮ್ಮೆ ತಿರುಗಿ ಫೋನ್ ಮಾಡಿ ಕೇಳೋಣಲ್ರಿ ಅತ್ತಿ ಅಂತ.

"ಏನಂತ ಕೇಳ್ತಿ? ನಿಮ್ಮವ್ವ ಸತ್ತಾಳೇನು ಅಂತ ಕೇಳ್ತಿಯಾ?" ಅಂದೆ.

ಆಕಿ ಉಳಿದ ಹಿಟ್ಟು ಮುಚ್ಚಿಟ್ಟಳು. ಹಂಗ ಕೇಳೋದು ನಮ್ಮಲ್ಲಿ ಇಲ್ಲ.

ಸತ್ತವರ ಮನಿಗೆ ಒಬ್ಬರೇ ಹೋಗೋದು ಚಂದ ಅಲ್ಲ. ಎಲ್ಲಾರೂ ಕೂಡಿ ಹೋಗಬೇಕು. ನನ್ನ ಮಗಳು ಚಿಂತಾಕಿ ಅನ್ನೋ ಊರಾಗ ಇರ್ತಾಳ, ಆಕಿ ಬರಬೇಕಿತ್ತು. ಆಕಿ ಗಂಡ ಜೀಪಿನಾಗ ತೊಗರಿ ಹಾಕ್ಕೊಂಡು ಮಾರಲಿಕ್ಕೆ ಹೋಗಿದ್ದ, ಅವ ತಿರುಗಿ ಬರಬೇಕಿತ್ತು. ತವರುಮನಿಯಿಂದ ಬಿಳಿ ಸೀರಿ ಒಯ್ಯಬೇಕು, ಅದಕ್ಕ ಬಜಾರದಾಗ ಅಂಗಡಿ ತೆರೆಯೋ ತನಕ ಕುಂತೆವು. ಬಸ್ ಸ್ಟ್ಯಾಂಡಿನ ಹತ್ತಿರ ಹೂವಿನವ ಚೆಂಡುಹೂವಿನ ಹಾರ ಕಟ್ಟೋ ತನಕ ಕುಂತೆವು. ಮಗಳು ಬಂದಾಕಿನೇ ನನ್ನ ಕೊರಳಿಗೆ ಬಿದ್ದು ಅತ್ತಳು. ನಾನೂ ಅತ್ತೆ. ಅತ್ತು ಮುಗಿಸಿ, ಅವಲಕ್ಕಿ ತಿಂದು, ಜೀಪಿನ ಹಾದಿ ನೋಡಿದೆವು. ಸತ್ತವರು ಎಲ್ಲಿಗೂ ಓಡಿ ಹೋಗೋದಿಲ್ಲಲ್ಲ. ಆ ಹೊತ್ತಿನಾಗ ಔರಾದದಿಂದ ಭಾಲ್ಕಿ ಕಡೆ ಬಸ್ಸು ಹೋಗೇ ಹೋದವು. ಮನಿ ಮುಂದೇ ಹಾದು ಹೋದವು.

ಭಾಲ್ಕಿ ಮುಟ್ಟಿದಾಗ ಬಿಸಲು ಇಳಿದಿತ್ತು. ಮನಿ ಮುಂದ ಮಂದಿ ನಿಂತಿದ್ದರು. ನಾವು ಅಂದುಕೊಂಡಂಗೇ ಇತ್ತು ಎಲ್ಲಾ. ಒಳಗ ಅಕ್ಕನ್ನ ಹೊರಸಿನ ಮ್ಯಾಲೆ ಮಲಗಿಸಿದ್ದರು. ಹಾರ ನೋಡಿ ಅಕ್ಕನ ಮಗಳ ಮಾರಿ ಒಂದು ತರಾ ಆಯ್ತು. ಅವಸರದಾಗ ಹಾರ ಎಲ್ಲಿಂದ ತಂದರು ಅಂತ ಆಕಿಗೆ ಅನಿಸಿತ್ತೇನೋ. ಆಗ ನನಗ ಅದು ತಿಳಿಯಲಿಲ್ಲ.

ಮೈ ತೊಳೀಲಿಕ್ಕೆ ಹೆಣ್ಣುಮಕ್ಕಳು ನಾವಷ್ಟೇ ಉಳಿದೆವು. ನಾನು ಅಕ್ಕನ ತೋಳು ಹಿಡಿದು ಎತ್ತಿದೆ. ಕಂಕಳಾಗ ಕೈ ಹೋಯ್ತು. ಬಿಸಿ ಇತ್ತು.

ಮುಂಜಾನೆ ಸತ್ತವರ ಮೈ ಹೊತ್ತು ಮುಳುಗೋ ಹೊತ್ತಿಗೆ ಬಿಸಿ ಇರೋದಿಲ್ಲ. ನಾನು ಬಾಳ ಮಂದೀನ ತೊಳದೇನಿ, ನನಗ ಗೊತ್ತದ.

"ಅಕ್ಕ ಯಾವಾಗ ಹೋದಳವ್ವಾ?" ಅಂದೆ.

"ಈಗರಿ. ನೀವು ಬರೋಕಿಂತ ಜರಾ ಮೊದಲು."

"ಮುಂಜಾನೆ ವಾರಿ ಅದ ಅಂದೆಲ್ಲ?"

"ವಾರಿ ಇದ್ದಳು, ವಾರಿ ಅಂದೆ. ಸತ್ತಿದ್ದರ ಸತ್ತಾಳ ಅಂತಿರಲಿಲ್ಲೇನ್ರಿ?"

ಮತ್ತ ಆಕಿಗೆ ಏನು ಹೊಳೀತೋ, ಸೆರಗಿನಾಗ ಬಾಯಿ ಮುಚ್ಚಿಕೊಂಡು ಗ್ವಾಡಿ ಹಿಡಿದಳು. ಆಮೇಲೆ ಒಂದೊಂದೇ ಹೇಳಿದಳು. ಫೋನ್ ಮಾಡಿದಾಗ ಅಕ್ಕ ಎದ್ದು ಕುಂತು ಗಂಜಿ ಕುಡಿದಿದ್ದಳಂತ. ತಂಗಿಗೆ ಬಾ ಅನ್ನು ಅಂತ ಅಕ್ಕನೇ ಹೇಳಿ ಫೋನ್ ಮಾಡಿಸಿದ್ದಳಂತ. ಔರಾದದ ಬಸ್ಸು ಎಷ್ಟೊತ್ತಿಗೆ ಬರ್ತದ ಅಂತ ಕೇಳಿದಳಂತ. ಮಧ್ಯಾಹ್ನ ಉಸಿರು ಮ್ಯಾಲೆ ಕೆಳಗ ಆದಾಗ ಮತ್ತೊಮ್ಮೆ ಕೇಳಿದಳಂತ. ದವಾಖಾನಿಯಾಗ ಮಂದಿಗೆಲ್ಲಾ ನೆಟ್ಟಗ ಹೇಳ್ತೇನಿ ಚಿಗವ್ವಾ, ನಿಮಗ ಹೆದರಿಕಿ ಆಗಬಾರದು ಅಂತ ಜರಾ ಮೆತ್ತಗ ಹೇಳಿದೆ, ಅಂದಳು. ನಡುವ ಫೋನ್ ಯಾಕ ಮಾಡಲಿಲ್ಲ ಅಂತ ನಾನು ಕೇಳಲಿಲ್ಲ. ದಾರ್ಯಾಗ ಇದ್ದಾರ ಅಂತ ತಿಳಕೊಂಡಿದ್ದಳು. ನಾನಾದರೂ ಹಂಗೇ ತಿಳಕೋತಿದ್ದೆ.

ಆಕಿಗೆ ಬೈಲಿಲ್ಲ. ಬೈದರ ಯಾರಿಗೆ ಬೈಬೇಕು? ಆಕಿ ಆ ಮಾತನ್ನ ಅದರ ಸ್ವಂತ ಅರ್ಥದಾಗ ಆಡಿದಳು. ಆ ಮಾತಿಗೆ ಆ ಅರ್ಥ ಉಳಿದಿಲ್ಲ ಅನ್ನೋದು ಆಕಿಗೆ ನೆನಪಾಗಲಿಲ್ಲ, ನಮಗ ಬ್ಯಾರೆ ಅರ್ಥ ನೆನಪಾಗಲಿಲ್ಲ. ಸೀರಿ ಉಡಿಸಿದೆ. ಹೊಸಾ ಸೀರಿ, ಗಂಜಿ ಹೋಗಿರಲಿಲ್ಲ, ನಿರಗಿ ನಿಲ್ಲಲಿಲ್ಲ. ಅಕ್ಕ ಇದ್ದಿದ್ದರ ಕೈಮ್ಯಾಲೆ ಒಂದು ಹಾಕ್ತಿದ್ದಳು.

ಮಣ್ಣು ಮಾಡೋದು ಮರುದಿನ ಮಧ್ಯಾಹ್ನ ಅಂತಾಯ್ತು. ಪೆಟಗಿ ಮಾಡಲಿಕ್ಕೆ ಹೇಳಿ ಬಂದರು. ಆಮೇಲೆ ಗಂಡಸರು ಹೊರಗ ಕುಂತು ನಮ್ಮ ತಮ್ಮನ ಮಾತು ತೆಗೆದರು. ತಮ್ಮ ಬೀದರದಾಗ ಇರ್ತಾನ. ಅವನಿಗೆ ಎರಡು ವರ್ಷದ ಹಿಂದ ಲಕ್ವಾ ಹೊಡೆದು ಬಲಗೈ ಬಿದ್ದದ, ಮಾತು ತೊದಲ್ತದ. ಅದಕ್ಕ ಮುಂಜಾನೆ ಅವನಿಗೆ ಯಾರೂ ಫೋನ್ ಹಚ್ಚಿರಲಿಲ್ಲ. ಅವನಿಗೆ ಈಗಲೇ ಹೇಳೋದು ಬ್ಯಾಡ, ತಡಕೊಳ್ಳೋದಿಲ್ಲ, ಅಕ್ಕಗ ಜರಾ ವಾರಿ ಅದ ಅಂತ ಫೋನ್‌ನಾಗ ಹೇಳಿ ಬಿಡೋಣ, ಎಂಟು ದಿನ ಹೋಗಲಿ, ಅಂತ ಮಾತಾಡಿಕೊಂಡರು. ನನ್ನ ಮಗ ಆಗಲೇ ಫೋನ್ ಕೈಯಾಗ ತಗೊಂಡಿದ್ದ. ನಾನು ಹೊರಗ ಹೋಗಿ ಅದನ್ನ ಕಸಗೊಂಡು ಕುಪ್ಪಸದಾಗ ಇಟ್ಟುಕೊಂಡೆ.

ಮುಂಜಾನೆ ಮೊದಲನೇ ಬಸ್ಸಿಗೆ ಬೀದರಕ್ಕ ಹೋದೆ. ತಮ್ಮ ಬಾಗಲದಾಗ ಕುರ್ಚಿ ಹಾಕ್ಕೊಂಡು ಬಿಸಲಿಗೆ ಮೈ ಕಾಯಿಸ್ತಿದ್ದ. ನನ್ನ ನೋಡಿ ಎಡಗೈ ಎತ್ತಿದ. ಚಪ್ಪಲಿ ಬಿಟ್ಟು, ಅವನ ಎದುರಿಗೆ ನೆಲದ ಮ್ಯಾಲೆ ಕುಂತೆ.

"ಅಕ್ಕ ಸತ್ತಾಳ. ಮಧ್ಯಾಹ್ನ ಮಣ್ಣು. ಮಾರಿ ನೋಡಬೇಕಂದರ ಈಗ ಏಳು," ಅಂದೆ.

ಅವ ಎಡಗೈಲೆ ಗೂಟದ ಮ್ಯಾಲಿನ ಅಂಗಿ ತೋರಿಸಿದ. ಬಿದ್ದ ಕೈ ಮೊದಲು ತೋಳಿನಾಗ ಹಾಕಬೇಕು, ಆಮೇಲೆ ಚಲೋ ಕೈ. ಹಂಗೇ ಹಾಕಿ ಗುಂಡಿ ಹಚ್ಚಿದೆ.