ಇಲಾರಿಯೊನ ಅಡ್ಡ ಪೆಟ್ಟು

ಎಪ್ಪತ್ತೊಂದು ತುಂಬಿದ ಇಲಾರಿಯೊ ಬಕಾಯಾವ್‌ನಿಗೆ ಉಳಿದಿದ್ದ ಆಸೆ ಒಂದೇ: ಸಾಯುವ ಮೊದಲು ನಾಲ್ಕು ಜನರ ಮುಂದೆ ಆ ಹಾಡನ್ನು ಸರಿಯಾಗಿ ನುಡಿಸಬೇಕು.

ಯಾವ ಹಾಡು ಅಂತೀರಾ? ನಮ್ಮ ಕೇರಿಯಲ್ಲಿ, ಬಾರ್ರಿಯೊದಲ್ಲಿ, ಅದು ಕೇಳಿಸದ ಕಿಟಕಿಯೇ ಇರಲಿಲ್ಲ. ಮದುವೆಗೂ ಅದೇ, ಹೆಣ ಕಳಿಸಿ ಬಂದ ಮೇಲಿನ ಊಟಕ್ಕೂ ಅದೇ. ಜಾಜ್‌ನವರ ತುತ್ತೂರಿಗಳ ನಡುವೆ ಕ್ಯೂಬಾದ ಕಾಂಗಾ ಡೋಲನ್ನು ತಂದು ಕೂರಿಸಿದ ಮೊದಲಿಗರಲ್ಲಿ ಇವನೂ ಒಬ್ಬ. ಹೆಂಡತಿ ಕಸಿಲ್ದಾಳ ನಾಲಿಗೆಗೆ ದೇವರು ಬೇಲಿ ಹಾಕಿರಲಿಲ್ಲ. "ಮೊದಲಿಗನಂತೆ! ಮೊದಲಿಗನ ಚಡ್ಡಿ ಒಗಿಯೋಳು ನಾನು," ಎನ್ನುತ್ತಿದ್ದಳು. ಅವಳು ಮಾಡುತ್ತಿದ್ದ ಕಪ್ಪು ಬೀನ್ಸಿನ ಅನ್ನ ಮಾತ್ರ, ಆಹಾ! ಅದಿರಲಿ.

ತಪ್ಪಾದದ್ದು ನಲವತ್ತೆಂಟನೇ ಇಸವಿಯಲ್ಲಿ, ಆ ಹಾಡಿನ ರೆಕಾರ್ಡಿಂಗ್ ದಿನ. ಆಗೆಲ್ಲ ಡೋಲಿನ ಚರ್ಮಕ್ಕೆ ಮೊಳೆ ಹೊಡೆದಿರುತ್ತಿದ್ದರು. ಶ್ರುತಿ ಏರಬೇಕಾದರೆ ಬೆಂಕಿ ತೋರಿಸಬೇಕು. ಸ್ಟುಡಿಯೊದೊಳಗೆ ಬೆಂಕಿ ಕೂಡದು ಎಂದರು. ಇವನು ಹಿಂಬಾಗಿಲ ಮೆಟ್ಟಿಲ ಮೇಲೆ ಹಳೇ ಪೇಪರು ಉರಿಸಿ ಚರ್ಮ ಕಾಯಿಸುತ್ತಿರುವಾಗಲೇ ಒಳಗೆ ಹಾಡು ಶುರುವಾಗಿಬಿಟ್ಟಿತು. ಓಡಿಬಂದವನು ಸಿಕ್ಕಲ್ಲಿ ಧುಮುಕಿದ. ಎರಡು ಕಡ್ಡಿ ತಟ್ಟುವ ಕ್ಲಾವೆ ತಾಳದಲ್ಲಿ ಒಂದು ಮಗ್ಗುಲಿಗೆ ಮೂರು ಪೆಟ್ಟು, ಇನ್ನೊಂದಕ್ಕೆ ಎರಡು. ಉಳಿದ ವಾದ್ಯವೆಲ್ಲ ಅದಕ್ಕೆ ಹೆಜ್ಜೆ ಹಾಕಬೇಕು. ಇವನು ಮಗ್ಗುಲು ತಪ್ಪಿ, ಮೂರರ ಕಡೆಯನ್ನು ಎರಡರದೆಂದು ಹಿಡಿದು, ಕೊನೆತನಕ ಅಡ್ಡವಾಗಿಯೇ ಬಾರಿಸಿದ. ನಮ್ಮವರಲ್ಲಿ ಇದಕ್ಕಿಂತ ನಾಚಿಕೆಗೇಡು ಇಲ್ಲ. ಹೆಂಡತಿಯನ್ನು ಬಿಟ್ಟು ಓಡಿದವನನ್ನಾದರೂ ಮನೆಗೆ ಸೇರಿಸುತ್ತಾರೆ.

"ಇನ್ನೊಂದ್ಸಲ ಮಾಡೋಣ," ಎಂದು ಗೋಗರೆದ.

ಬ್ಯಾಂಡಿನ ಯಜಮಾನ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದ. "ಹೊಸಾ ಥರ ಅಂದ್ಕೋತಾರೆ, ಬಿಡೋ."

ಹಾಗೇ ಅಂದುಕೊಂಡರು. ಮೂವತ್ತೈದು ವರ್ಷ, ಕಾಂಗಾ ಹಿಡಿದವರೆಲ್ಲ ಬೆರಳು ಒಡೆಯುವವರೆಗೆ ಆ ಅಡ್ಡ ಪೆಟ್ಟನ್ನೇ ಕಲಿತರು. ಅದು ತಪ್ಪು ಎಂದು ಇವನು ಹೇಳಿದರೆ, ಎಂಥ ವಿನಯ ಎಂದು ನಕ್ಕರು.

ಕೊನೆಗೆ ಶಾಲೆಯ ಸಭಾಂಗಣದಲ್ಲಿ ಅವನಿಗೊಂದು ಸನ್ಮಾನ ಇಟ್ಟುಕೊಂಡರು. ಮುನ್ನೂರು ಜನ. ನೊರ್ಬೆರ್ತೊ ಎಂಬ ಹೊಸಬನ ಬ್ಯಾಂಡು, ಹಾಡು ಅದೇ. ಇಲಾರಿಯೊ ಇಸ್ತ್ರಿ ಅಂಗಿ ತೊಟ್ಟು ಡೋಲಿನ ಮುಂದೆ ಕೂತ. ಕಾದ, ಕಾದ, ಸರಿಯಾದ ಜಾಗದಲ್ಲಿ ಪೆಟ್ಟು ಹಾಕಿದ.

ಅಡ್ಡಕ್ಕೇ ಒಗ್ಗಿಹೋಗಿದ್ದ ತುತ್ತೂರಿಗಳು ಎಡವಿದವು. ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಏ, ಮುದುಕ ಅಡ್ಡ ಹೊಡೀತಾವ್ನೆ!"

"ಅಜ್ಜಾ, ನಿನ್ ಹಾಡು ನಿಂಗೇ ಮರ್ತೋಯ್ತಾ?"

"ರಮ್ಮು ಕಮ್ಮಿಯಾಗಿರ್ಬೇಕು, ಹುಯ್ರಪ್ಪೋ!"

ನೊರ್ಬೆರ್ತೊ ಹಾಡು ನಿಲ್ಲಿಸಿ ಇಲಾರಿಯೊನ ಕಿವಿಯ ಹತ್ತಿರ ಬಗ್ಗಿದ. "ಮೇಷ್ಟ್ರೇ, ಕೈ ನಡುಗಿದ್ರೂ ಪರವಾಗಿಲ್ಲ. ಇಲಾರಿಯೊ ಥರ ಹೊಡೀರಿ, ಸಾಕು."

"ಇಲಾರಿಯೊ ನಾನೇ ಕಣಯ್ಯಾ. ಇದೇ ಸರಿ. ಆವತ್ತು ನಾ ತಪ್ಪಿದ್ದೆ."

ನೊರ್ಬೆರ್ತೊ ಒಳ್ಳೆಯ ಮನುಷ್ಯ, ಅದೇ ಕಷ್ಟ. ಮೈಕಿನತ್ತ ತಿರುಗಿದ. "ನಮ್ ಮೇಷ್ಟ್ರಿಗೆ ವಯಸ್ಸಾಯ್ತು. ಎಲ್ರೂ ಚಪ್ಪಾಳೆ ತಟ್ಟಿ ನೆನಪು ಮಾಡ್ಕೊಡೋಣ."

ಮುನ್ನೂರು ಜನ, ಕೂಸಿಗೆ ಕಲಿಸುವ ಹಾಗೆ ನಗುನಗುತ್ತಾ, ಆ ಅಡ್ಡ ಪೆಟ್ಟನ್ನು ಅವನ ಮುಖದೆದುರೇ ತಟ್ಟಿದರು. ಮುಂದಿನ ಸಾಲಿನಲ್ಲಿ ಕಸಿಲ್ದಾ ಎದ್ದು ನಿಂತಳು. "ಎದ್ದು ಬಾ ಇಲಾರಿಯೊ, ಮನೆಗ್ ಹೋಗೋಣ! ಇವರಿಗ್ ಕಿವಿಯಿಲ್ಲ!"

"ಕೂತ್ಕೋ ಅಜ್ಜೀ, ಕಾಣ್ಸಲ್ಲ," ಎಂದು ಹಿಂದಿನವರು ಅವಳ ಕೋಟು ಜಗ್ಗಿದರು.

ಚಪ್ಪಾಳೆ ನಿಲ್ಲಲಿಲ್ಲ. ಅವನು ಹೊಡೆಯುವವರೆಗೆ ನಿಲ್ಲುವ ಹಾಗೂ ಕಾಣಲಿಲ್ಲ. ಇಲಾರಿಯೊ ಹೆಂಡತಿಯನ್ನು ನೋಡಿದ, ತನ್ನ ಅಂಗೈ ನೋಡಿಕೊಂಡ. ಆಮೇಲೆ ಅಡ್ಡ ಹೊಡೆದ.

ಸಭಾಂಗಣ ಎದ್ದು ನಿಂತಿತು. ಯಾರೋ ಗೊಳೋ ಎಂದು ಅತ್ತರು: "ಈಗ ಬಂದ ನೋಡು ನಮ್ ಇಲಾರಿಯೊ!" ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಮತ್ತೆ ಮೂರು ಸಲ ನುಡಿಸಿದರು. ಕೊನೆಯ ಸಲವಂತೂ ಆ ರೆಕಾರ್ಡಿಗಿಂತ ಚೊಕ್ಕವಾಗಿ ತಪ್ಪಿದ.